ದರ್ಜಿಯ ಒಳಗುರುತು

ಸರ್ವಿಸ್ ಸೆಂಟರಿನಿಂದ ಬಂದ ಫೋನು ಇಸ್ತ್ರಿಪೆಟ್ಟಿಗೆ ತಾಗಿಸಿದಂತೆ ದರ್ಜಿಯ ಕಿವಿ ಸುಟ್ಟಿತು. ತಾನಾಗಿಯೇ ಕೆಟ್ಟು ನಿಂತ ಮಗಳ ಲ್ಯಾಪ್‌ಟಾಪನ್ನು ಅಲ್ಲಿ ಕೊಟ್ಟು ಒಂದು ವಾರವಾಗಿತ್ತು. ಈಗ ನೋಡಿದರೆ, ಒಳಗೆ ನೀರು ಹೋಗಿದೆಯಂತೆ. ನೀರು ಹೋದದ್ದಕ್ಕೆ ವಾರಂಟಿ ಇಲ್ಲವಂತೆ.

"ನೀರಾ? ಅದಿರೋ ರೂಮಿಗೆ ನಾನು ಬೆವರಿಕೊಂಡೂ ಹೋಗಲ್ಲ!" ಎಂದು ದರ್ಜಿ ಕೂಗುವಷ್ಟರಲ್ಲಿ ಆ ಕಡೆಯವರು ಫೋನು ಇಟ್ಟಾಗಿತ್ತು.

ಮಗಳ ಪರೀಕ್ಷೆ ಹತ್ತಿರ ಬಂದಿತ್ತು. ಅವಳು ಬರೆಯಬೇಕಾದದ್ದು ಅದರಲ್ಲೇ. ಇನ್ನೊಂದನ್ನು ಕೊಳ್ಳುವ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ದರ್ಜಿ ಮೊದಲೇ ಸಂಶಯದ ಪ್ರಾಣಿ. ಗಿರಾಕಿ ಬಟ್ಟೆ ಕೊಟ್ಟ ಕೂಡಲೇ ಯಾರ ಕಣ್ಣಿಗೂ ಬೀಳದ ಒಳಮಗ್ಗುಲಲ್ಲಿ ಒಂದು ಗುರುತು ಹಾಕಿಡುವವನು. ನಾಳೆ ಯಾರಾದರೂ 'ಬಟ್ಟೆ ಬದಲಾಯಿಸಿದ್ದೀಯ' ಎಂದರೆ ಮಡಿಕೆ ಬಿಚ್ಚಿ ತೋರಿಸಿ ಬಾಯಿ ಮುಚ್ಚಿಸಬಹುದಲ್ಲ! ಆ ಸಂಶಯ ಈಗ ಮನೆಯವರ ಕಡೆ ತಿರುಗಿತು.

"ಅತ್ತೆ, ಕಿಟಕಿ ಹತ್ತಿರದ ಹೂಕುಂಡಕ್ಕೆ ನೀರು ಹಾಕುವಾಗ ಏನಾದರೂ..."

"ಹೂಂ ಅಳಿಯಂದಿರೇ, ನಿಮ್ಮ ಲ್ಯಾಪ್‌ಟಾಪಲ್ಲೂ ಗುಲಾಬಿ ಬಿಡಬಹುದು ಅಂತ ಅದಕ್ಕೂ ಎರಡು ಚೊಂಬು ಸುರಿದೆ!" ಅತ್ತೆ ಸೆರಗು ಕೊಡವಿ ಎದ್ದರು. "ನನ್ನ ಮೇಲೆ ಅನುಮಾನವಾ? ಇವತ್ತೇ ದೊಡ್ಡ ಮಗಳ ಮನೆಗೆ ಹೊರಟೆ."

ಹೆಂಡತಿ ಕೆಕ್ಕರಿಸಿದಳು. "ರೀ, ಮೊದಲು ನನ್ನ ಉಗುರುಬಣ್ಣದ ಶೀಶೆ ಯಾರು ಎತ್ತಿದ್ರು ಅಂತ ಕಂಡುಹಿಡೀರಿ. ಒಂದು ವಾರದಿಂದ ಹುಡುಕ್ತಾ ಇದ್ದೀನಿ."

ದರ್ಜಿ ಸಟ್ಟನೆ ಮಾತು ಬದಲಿಸಿದ. "ನೀವ್ಯಾರೂ ಅಲ್ಲ ಅಂದ್ರೆ ಆ ಸರ್ವಿಸ್ ಸೆಂಟರಿನವರೇ! ಇನ್ಯಾರದೋ ಒದ್ದೆ ಮಾಲು ತೋರಿಸಿ ನಮ್ಮದನ್ನ ನುಂಗಿದ್ದಾರೆ."

ಗೋಡೆಯಾಚೆ ಕಿವಿ ನೆಟ್ಟಿದ್ದ ನಿವೃತ್ತ ಗುಮಾಸ್ತ ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಬೀದಿಗೆಲ್ಲ ಅವನು 'ಲಾ ಪಾಯಿಂಟ್'. "ನಡೀರಿ ನಾನೂ ಬರ್ತೀನಿ. ಮಾತು ನಂದು, ನೀವು ತಲೆ ಆಡಿಸಿ ಸಾಕು."

ಸರ್ವಿಸ್ ಸೆಂಟರಿನಲ್ಲಿ ಲಾ ಪಾಯಿಂಟ್ ಕೌಂಟರಿನ ಗಾಜು ಅದುರುವಂತೆ ಗುದ್ದಿದ. "ಗ್ರಾಹಕರ ಕೋರ್ಟಿಗೆ ಎಳೀತೀವಿ! ಇದು ಇವರ ಲ್ಯಾಪ್‌ಟಾಪೇ ಅಲ್ಲ!"

ಸಾಲಿನಲ್ಲಿದ್ದವರು ಹತ್ತಿರ ಸರಿದರು. "ನನ್ನ ಫೋನಿಗೂ ಇವರು ಹೀಗೇ ಹೇಳಿದ್ರು," ಎಂದು ಒಬ್ಬಾಕೆ ದನಿಗೂಡಿಸಿದಳು.

ಕೌಂಟರಿನ ಹಿಂದಿದ್ದ ರಿಪೇರಿಯವಳು ಲ್ಯಾಪ್‌ಟಾಪನ್ನು ಮುಂದಿಟ್ಟು ದರ್ಜಿಯ ಕಡೆ ತಿರುಗಿದಳು. "ಅಂಕಲ್, ನಿಮ್ಮದಲ್ಲ ಅಂತ ಹೇಗೆ ಹೇಳ್ತೀರಾ?"

ದರ್ಜಿ ಮೀಸೆಯಡಿ ನಕ್ಕ. "ಬಿಚ್ಚಮ್ಮ. ನನ್ನದಾದ್ರೆ ನನಗೆ ಗೊತ್ತಾಗುತ್ತೆ."

ಅವಳು ಸ್ಕ್ರೂ ಬಿಚ್ಚಿ ಹಿಂಬದಿಯ ಮುಚ್ಚಳ ಎತ್ತಿದಳು. "ಈ ಪುಟ್ಟ ಸ್ಟಿಕ್ಕರ್ ನೋಡಿ. ಇದು ಬಿಳೀ ಇರಬೇಕು. ನೀರು ತಗುಲಿದ್ರೆ ಕೆಂಪಾಗುತ್ತೆ. ನಿಮ್ಮದು ಟೊಮೆಟೊ ಹಣ್ಣಿನ ಹಾಗಾಗಿದೆ."

ದರ್ಜಿ ಬಗ್ಗಿ ನೋಡಿದ. ನಗು ಅಲ್ಲೇ ಉದುರಿತು. ಲ್ಯಾಪ್‌ಟಾಪು ಅವನದೇ. ಗುರುತೂ ಅವನದೇ. ಇವರು ಬದಲಾಯಿಸಿಬಿಟ್ಟಾರೆಂದು, ಇಲ್ಲಿಗೆ ತರುವ ಮೊದಲು ಮನೆಯಲ್ಲಿ ಯಾರೂ ಇಲ್ಲದಾಗ ತಾನೇ ಮುಚ್ಚಳ ಬಿಚ್ಚಿ, ಹೆಂಡತಿಯ ಉಗುರುಬಣ್ಣದಲ್ಲಿ ಇಟ್ಟ ಬೊಟ್ಟು ಅದು. ಎದ್ದು ಕಾಣಲಿ ಎಂದು ಒಳಗಿದ್ದ ಒಂದೇ ಒಂದು ಬಿಳಿ ಜಾಗವನ್ನು ಹುಡುಕಿ ಇಟ್ಟಿದ್ದ.

"ಅದು ನೀರಲ್ಲ ಅಂತ ಎದೆ ತಟ್ಟಿ ಹೇಳ್ರೀ!" ಲಾ ಪಾಯಿಂಟ್ ಬೆನ್ನಿಗೆ ತಿವಿದ.

ರಿಪೇರಿಯವಳ ಕಣ್ಣು ಕಿರಿದಾಯಿತು. "ನೀರಲ್ಲದಿದ್ರೆ ಮತ್ತೇನು? ಮೊದಲೇ ಯಾರಾದ್ರೂ ಬಿಚ್ಚಿದ್ರಾ? ಹಾಗಿದ್ರೂ ವಾರಂಟಿ ಹೋದಂಗೇ."

ಗುಂಡುಸೂಜಿ ಕಚ್ಚಿಕೊಂಡಂತೆ ದರ್ಜಿಯ ತುಟಿ ಬಿಗಿಯಿತು. "ನೀರೇ," ಎಂದ ಕೊನೆಗೆ. "ನಮ್ಮತ್ತೆ... ಹೂಕುಂಡ..."

ಸತ್ತ ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಅವನು ಕಾಲೆಳೆಯುತ್ತ ಬರುವಷ್ಟರಲ್ಲಿ ಲಾ ಪಾಯಿಂಟ್ ಮುಂದೆ ಓಡಿ, ನೀರು ಸುರಿದದ್ದು ಅತ್ತೆಯೇ ಎಂಬ ತೀರ್ಪನ್ನು ಮನೆಮನೆಗೂ ಹಂಚಿಯಾಗಿತ್ತು. ಅತ್ತೆ ಬಾಗಿಲಲ್ಲಿ ಪೆಟ್ಟಿಗೆಯ ಮೇಲೆ ಮುಖ ಊದಿಸಿ ಕೂತಿದ್ದರು. ಮಗಳು ಅವನ ಬಗಲಿನ ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು. ಹೆಂಡತಿಯ ಕೈಯಲ್ಲಿ ಕೆಂಪು ಶೀಶೆಯಿತ್ತು.

"ನಿಮ್ಮ ಹೊಲಿಗೆ ಮಿಷನ್ನಿನ ಡ್ರಾಯರಲ್ಲಿ ಸಿಕ್ತು. ನಿಜ ಹೇಳಿ, ಇದನ್ನ ಯಾರಿಗೆ ಹಚ್ಚಿದ್ರಿ?"

ದರ್ಜಿ ಮಗಳನ್ನು ನೋಡಿದ, ಅತ್ತೆಯನ್ನು ನೋಡಿದ. ಇನ್ನು ಮುಚ್ಚಿಡಲಾಗಲಿಲ್ಲ. "ಲ್ಯಾಪ್‌ಟಾಪಿಗೆ," ಎಂದ.

"ಅಮ್ಮಾ, ಒಂದು ನಿಮಿಷ ತಡಿ," ಎಂದಳು ಹೆಂಡತಿ, ತನ್ನ ಸೀರೆಗಳನ್ನೂ ಮಡಚಿ ಚೀಲಕ್ಕೆ ತುಂಬುತ್ತ. "ನಾನೂ ಬಂದೆ."