ಕೆಂಪು ಕಾರಿನ ಮೌಲ್ಯಮಾಪನ

ವಾಹನ ಎಷ್ಟು ಕಡಿಮೆ ಓಡಿದೆಯೋ ಅದರ ಬೆಲೆ ಅಷ್ಟು ಹೆಚ್ಚು, ಮತ್ತು ಅದು ಎಷ್ಟು ಕಡಿಮೆ ಓಡಿದೆ ಎಂಬುದನ್ನು ಓಡಿಸಿಯೇ ಖಚಿತಪಡಿಸಿಕೊಳ್ಳತಕ್ಕದ್ದು ಎಂದು ಮಂಗಳೂರಿನ ಪಡುಗಡಲು ವಾಹನ ಸಾಲ ಸಹಕಾರಿ ಸಂಘದ ಹದಿನೇಳನೆಯ ನಿಯಮ ಹೇಳುತ್ತದೆ. ಈ ನಿಯಮದಲ್ಲಿ ಏನಾದರೂ ಎಡವಟ್ಟು ಇದೆಯೆಂದು 1983ರವರೆಗೆ ಯಾರಿಗೂ ಅನಿಸಿರಲಿಲ್ಲ. ಸಂಘ ಅಲ್ಲಿಯವರೆಗೆ ಬೆಲೆ ಕಟ್ಟಿದ್ದೆಲ್ಲ ಲಾರಿಗಳಿಗೆ. ಕಡಿಮೆ ಓಡಿದ ಲಾರಿಯನ್ನು ನಂತೂರಿನ ಹೆದ್ದಾರಿಯಲ್ಲಿ ಕಣ್ಣಾರೆ ಕಂಡವರು ಯಾರೂ ಇಲ್ಲ.

ನಿಯಮ ಬರೆದವನು ಸಂಘದ ತಾತ್ಕಾಲಿಕ ಮೌಲ್ಯಮಾಪಕ ಚಿತ್ತರಂಜನ ಆಳ್ವ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದವನಿಗೆ, ನಾಲ್ಕು ನಿಯಮ ಬರೆದುಹಾಕು ಎಂದು ಮೇಲಿನವರು ಹೇಳಿದ್ದರು. ಉತ್ಸಾಹದಲ್ಲಿ ಅವನು ಇಪ್ಪತ್ತೆರಡು ಬರೆದ. ಹದಿನೇಳನೆಯದನ್ನು ಬರೆಯುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಸಭೆಯಲ್ಲಿ ಅದನ್ನು ಓದಿದಾಗ ನಿರ್ದೇಶಕರಿಗೂ ಕಣ್ಣು ಎಳೆಯುತ್ತಿದ್ದುದರಿಂದ ಅದು ಸರ್ವಾನುಮತದಿಂದ ಪಾಸಾಯಿತು.

ಚಿತ್ತರಂಜನ ತಾತ್ಕಾಲಿಕನಾಗಿ ಹನ್ನೊಂದು ವರ್ಷವಾಗಿತ್ತು. ಅವನ ಸೇವೆ ಎಲ್ಲಿಯೂ ಅಖಂಡವಾಗಿ ಕೂಡಿಕೊಳ್ಳದಂತೆ ಸಂಘ ಪ್ರತಿವರ್ಷ ಮಾರ್ಚ್ ಕೊನೆಗೆ ಅವನನ್ನು ಕೆಲಸದಿಂದ ತೆಗೆದು, ನಡುವೆ ಒಂದು ದಿನ ಬಿಟ್ಟು, ಏಪ್ರಿಲ್ ಎರಡಕ್ಕೆ ಮತ್ತೆ ಸೇರಿಸಿಕೊಳ್ಳುತ್ತಿತ್ತು. ಹೀಗೆ ಅವನು ವರ್ಷಕ್ಕೊಮ್ಮೆ ಏಪ್ರಿಲ್ ಒಂದನೇ ತಾರೀಕು ನಿರುದ್ಯೋಗಿಯಾಗುತ್ತಿದ್ದ. ತನಗೆ ಸಂಘ ಸರಿಯಾದ ದಿನವನ್ನೇ ಆರಿಸಿಕೊಟ್ಟಿದೆ ಎಂದು ಅವನೇ ನಗುತ್ತಿದ್ದ. ಆ ದಿನವೂ ಆಫೀಸಿಗೆ ಬಂದು ಕೂರುತ್ತಿದ್ದ. ಮನೆಯಲ್ಲಿ ಉಳಿದರೆ ಹೆಂಡತಿ ಶಶಿಪ್ರಭಾಳಿಗೆ ಕಾರಣ ಹೇಳಬೇಕಾಗುತ್ತಿತ್ತು.

1983ರಲ್ಲಿ ಸಂಘದ ಅಧ್ಯಕ್ಷ ಮಹಾಬಲ ಅಡ್ಯಂತಾಯರು ಅವನನ್ನು ಕರೆದು, ಒಂದು ಕಾರಿನ ಬೆಲೆ ಕಟ್ಟುವುದಿದೆ, ವರದಿ ಆಕ್ಷೇಪಣೆ ಇಲ್ಲದೆ ಪಾಸಾದರೆ ಕೆಲಸ ಖಾಯಂ ಮಾಡುತ್ತೇನೆ ಎಂದರು. ಚಿತ್ತರಂಜನ ಅದನ್ನು ಮನೆಯಲ್ಲಿ ಹೇಳಿಬಿಟ್ಟ. ಶಶಿಪ್ರಭಾ ಸಂಜೆಯೊಳಗೆ ಅಕ್ಕಪಕ್ಕದ ಮನೆಗಳಿಗೂ ಮರುದಿನ ತವರಿಗೂ ಸುದ್ದಿ ಮುಟ್ಟಿಸಿದಳು. ಇನ್ನು ಖಾಯಂ ಆಗದೆ ತಲೆಯೆತ್ತಿ ನಡೆಯುವುದು ಸಾಧ್ಯವಿರಲಿಲ್ಲ.

ಕಾರು ಇದ್ದದ್ದು ಬಂದರಿನಲ್ಲಿ, ಮರದ ವ್ಯಾಪಾರಿ ನೂರ್ ಮುಹಮ್ಮದ್ ಹಾಜಿಯವರ ಗೋದಾಮಿನಲ್ಲಿ. ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು, ಕೆಂಪು ಬಣ್ಣ, ಎರಡೇ ಸೀಟು. ಹಂಚಿನ ಕಾರ್ಖಾನೆಯ ಬಿಳಿಯ ಮ್ಯಾನೇಜರೊಬ್ಬ ಹಡಗಿನಲ್ಲಿ ತರಿಸಿ, ತನ್ನ ದೇಶಕ್ಕೆ ಹಿಂದಿರುಗುವಾಗ ಹಾಜಿಯವರಿಗೆ ಮಾರಿಹೋಗಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅದು ನಾಲ್ಕು ಸಾವಿರ ಮೈಲಿಯೂ ಓಡಿರಲಿಲ್ಲ.

ಕೊಳ್ಳುವವರು ಸ್ವತಃ ಅಡ್ಯಂತಾಯರು. ಭೂಮಸೂದೆ ಬಂದು ಗದ್ದೆಗಳೆಲ್ಲ ಗೇಣಿದಾರರ ಪಾಲಾದ ಮೇಲೆ ಅವರು ಹೋಟೆಲು ತೆರೆದಿದ್ದರು, ಅದರ ಮೇಲಿನ ಮಾಳಿಗೆ ಅರ್ಧಕ್ಕೆ ನಿಂತಿತ್ತು. ಸಂಘ ತಾನು ಕಟ್ಟಿದ ಬೆಲೆಯ ಮುಕ್ಕಾಲು ಪಾಲು ಸಾಲ ಕೊಡುತ್ತದೆ. ಹಾಜಿಯವರ ಜೊತೆ ಮಾತಾದ ಬೆಲೆಯೋ ತೀರಾ ಕಡಿಮೆ. ಆದ್ದರಿಂದ ಕಾರಿನ ಬೆಲೆ ಎಷ್ಟು ಮೇಲೇರುತ್ತದೋ ಮಾಳಿಗೆಯೂ ಅಷ್ಟು ಮೇಲೇರುತ್ತದೆ. ಅಡ್ಯಂತಾಯರು ಅರ್ಜಿದಾರರಾಗಿ ಅರ್ಜಿ ಹಾಕಿ, ಅಧ್ಯಕ್ಷರಾಗಿ ಅದನ್ನು ಸ್ವೀಕರಿಸಿ, ವಿಳಂಬವಿಲ್ಲದ ಸೇವೆಗಾಗಿ ಸಂಘಕ್ಕೆ ಕೃತಜ್ಞತಾಪತ್ರ ಬರೆದು, ಅದಕ್ಕೂ ತಾವೇ ಉತ್ತರ ಕೊಟ್ಟರು.

ಚಿತ್ತರಂಜನ ಅಂಥ ಕಾರನ್ನು ಹತ್ತಿರದಿಂದ ನೋಡಿದ್ದೇ ಅದು ಮೊದಲು. ಒಳಗೆ ಕೂರಲು ಮೊದಲು ತಲೆ ಹಾಕಬೇಕೋ ಕಾಲು ಹಾಕಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಹಾಕಿ ಸಿಕ್ಕಿಹಾಕಿಕೊಂಡ. ಹಾಜಿಯವರ ಆಳುಗಳು ಅವನನ್ನು ಹೊರಗೆಳೆದು, ಮಡಚಿ, ಸರಿಯಾಗಿ ಕೂರಿಸಿದರು. ನಿಯಮದ ಪ್ರಕಾರ ಪಾಂಡೇಶ್ವರದ ಮೇಲಾಗಿ ಹೊರಟು ಹೊಳೆಯ ಸೇತುವೆಯಾದ ಉಳ್ಳಾಲ ಸಂಕಕ್ಕೆ ಬಂದ. ಸಂಕದ ಮೇಲೆ ನೇತ್ರಾವತಿಯ ಗಾಳಿ ಮುಖಕ್ಕೆ ಹೊಡೆಯಿತು. ತನಗೆ ನಲವತ್ತು ದಾಟಿದ್ದೂ, ತಾನು ತಾತ್ಕಾಲಿಕ ಎಂಬುದೂ ಅವನಿಗೆ ಮರೆತೇಹೋಯಿತು. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಮದುವೆಯ ದಿನ ಅವನ ಹೊಟ್ಟೆ ಕೆಟ್ಟಿತ್ತು. ಸಮುದ್ರದವರೆಗೆ ಹೋಗಿ ಹಿಂದೆ ಬಂದವನು ಏನೋ ಸಂಶಯ ಉಳಿಯಿತೆಂದು ತನಗೆ ತಾನೇ ಹೇಳಿಕೊಂಡು ಮತ್ತೊಮ್ಮೆ ಹೋಗಿಬಂದ.

ಅವನು ಬರೆದುಕೊಟ್ಟ ವರದಿ ನಿರ್ದೇಶಕ ಮಂಡಳಿಯಿಂದ ಎರಡು ಆಕ್ಷೇಪಣೆಗಳೊಂದಿಗೆ ಹಿಂದಿರುಗಿತು. ಒಂದು, ಕಾರಿನ ಸರ್ವೀಸ್ ಪುಸ್ತಕದಲ್ಲಿ ಮೊಹರು ಇರುವುದು ಕೆಲವೇ ವರ್ಷಗಳಿಗೆ, ಉಳಿದ ಪುಟ ಖಾಲಿ. ಎರಡು, ಕಾರು ಕಡಿಮೆ ಓಡಿದೆಯೆಂದು ಖಚಿತಪಡಿಸುವ ಭರದಲ್ಲಿ ಮೌಲ್ಯಮಾಪಕರು ಅದನ್ನು ಹೆಚ್ಚು ಓಡಿಸಿದ್ದಾರೆ. ಆ ನಷ್ಟವನ್ನು ಅವರಿಂದಲೇ ಏಕೆ ವಸೂಲು ಮಾಡಬಾರದು?

"ಎಂತ ಚಿತ್ತರಂಜನಾ," ಎಂದರು ಅಡ್ಯಂತಾಯರು, "ನೀನು ಬೆಲೆ ಕಟ್ಲಿಕ್ಕೆ ಹೋದದ್ದಾ, ಇಳಿಸ್ಲಿಕ್ಕೆ ಹೋದದ್ದಾ?"

ಚಿತ್ತರಂಜನ ಹದಿನೇಳನೆಯ ನಿಯಮವನ್ನು ತೆಗೆದು ಇನ್ನೊಮ್ಮೆ ಓದಿದ. ಇದನ್ನು ಬರೆದ ಮಹಾಶಯನನ್ನು ಒಮ್ಮೆ ಕಾಣಬೇಕು ಎಂದುಕೊಂಡ. ಗೋಡೆಯ ಕನ್ನಡಿಯಲ್ಲಿ ಕಂಡ.

ಮೊದಲ ಆಕ್ಷೇಪಣೆಗೆ ಉತ್ತರ ಹುಡುಕಿಕೊಂಡು ಅವನು ಹಾಜಿಯವರ ಮನೆಗೆ ಹೋದ. ಹಾಜಿಯವರ ತಾಯಿ ಆಸ್ಯಮ್ಮ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಇಷ್ಟು ಒಳ್ಳೆಯ ಕಾರನ್ನು ಯಾಕೆ ಓಡಿಸಲಿಲ್ಲ ಎಂದು ಕೇಳಿದ.

"ಮನೆಯಲ್ಲಿ ಹನ್ನೆರಡು ಜನ, ಅದರಲ್ಲಿ ಎರಡು ಸೀಟು," ಎಂದರು ಆಸ್ಯಮ್ಮ, ಮಗನಿಗೆ ಹೇಳುವ ಹಾಗೆ. "ನಾನು ಕೂತರೆ ಸೊಸೆಗೆ ಆಗುದಿಲ್ಲ. ಸೊಸೆ ಕೂತರೆ ನನಗೆ ಆಗುದಿಲ್ಲ. ಅದು ನಿಂತ ಮೇಲೆಯೇ ಮೋನೇ, ಈ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಂಡದ್ದು."

ಹಾಗೆಂದು ಕಾರನ್ನು ಯಾರೂ ಕಡೆಗಣಿಸಿರಲಿಲ್ಲ. ಬೈಕಂಪಾಡಿಯಲ್ಲಿ ವರ್ಕ್‌ಶಾಪು ಇಟ್ಟಿದ್ದ ಮೊರಿಸ್ ಪ್ರತಿವರ್ಷ ಬಂದು, ಎಣ್ಣೆ ಬದಲಿಸಿ, ಎಂಜಿನು ಚಾಲೂ ಮಾಡಿ, ಗೋದಾಮಿನಲ್ಲೇ ಅದನ್ನು ಗುರುಗುಟ್ಟಿಸಿ ಹೋಗುತ್ತಿದ್ದ. ಹಾಗಾದರೆ ರಶೀದಿ ಕೊಡು, ಮೊಹರು ಹಾಕು ಎಂದು ಚಿತ್ತರಂಜನ ಅವನ ಬೆನ್ನು ಹಿಡಿದ.

"ರಶೀದಿ ಎಂತದಕ್ಕೆ ಮಾರಾಯ್ರೆ? ನಾನು ದುಡ್ಡೇ ತೆಗೊಳ್ಳಲಿಲ್ಲ," ಎಂದ ಮೊರಿಸ್. "ಬಂದಾಗೆಲ್ಲ ಆಸ್ಯಮ್ಮ ಪತ್ತಿರ್, ಕೋಳಿಸಾರು ಬಡಿಸ್ತಾರೆ. ತಿಂದದ್ದಕ್ಕೆ ಮೊಹರು ಹಾಕ್ಲಿಕ್ಕೆ ಉಂಟಾ?"

ಊಟದ ರೂಪದಲ್ಲಿ ಸಂದಾಯವಾದ ಸರ್ವೀಸನ್ನು ಪರಿಗಣಿಸುವ ಬಗ್ಗೆ ನಿಯಮಾವಳಿ ಮೌನವಾಗಿತ್ತು. ಅದನ್ನು ಬರೆದವನು ಅಂದು ಊಟ ಮಾಡಿಯೇ ಕೂತಿದ್ದರೂ ಊಟದ ಬಗ್ಗೆ ಏನನ್ನೂ ಯೋಚಿಸಿರಲಿಲ್ಲ. ಕೊನೆಗೆ ನಿರ್ದೇಶಕ ಮಂಡಳಿ ಸ್ಥಳಪರಿಶೀಲನೆಗೆ ಹೊರಟಿತು. ನಿರ್ದೇಶಕರು ಸಾಲಾಗಿ ಕೂತು ಅಕ್ಕಿಯ ತೆಳು ರೊಟ್ಟಿಯಾದ ಪತ್ತಿರನ್ನು ಕೋಳಿಸಾರಿನಲ್ಲಿ ಅದ್ದಿ ಪರಿಶೀಲಿಸಿದರು. ಇಂಥ ಊಟ ಉಂಡವನು ಕೆಲಸದಲ್ಲಿ ಮೋಸ ಮಾಡಲಾರ ಎಂದು ಮಂಡಳಿ ಅಭಿಪ್ರಾಯಪಟ್ಟಿತು. ಎರಡು ಮೂರು ಖಾಲಿ ಪುಟಗಳ ವಿಷಯದಲ್ಲಿ ಮಾತ್ರ ಕೆಲವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಅವುಗಳಿಗಾಗಿ ಮುಂದಿನ ಶುಕ್ರವಾರ ಪುನಃ ಬಂದರು. ಆ ಮೇಲೆ ಪುಸ್ತಕದ ಎಲ್ಲ ಪುಟಗಳಿಗೂ ಸಂಘದ ಮೊಹರು ಬಿತ್ತು.

ಉಳಿದದ್ದು ಓಡಿಸುವ ಪ್ರಶ್ನೆ. ಇಷ್ಟು ದೊಡ್ಡ ಸಾಲವಾದ್ದರಿಂದ ನಿರ್ದೇಶಕರು ಒಬ್ಬೊಬ್ಬರಾಗಿ ಕಾರಿನಲ್ಲಿ ಕೂತು ರಸ್ತೆಯಲ್ಲಿ ಹೋಗಿ ನೋಡಲೇಬೇಕು. ಎಲ್ಲರೂ ನೋಡಿ ಮುಗಿಸುವ ಹೊತ್ತಿಗೆ ಅದು ಕಡಿಮೆ ಓಡಿದ ಕಾರಾಗಿ ಉಳಿಯುವುದಿಲ್ಲ. ಸಭೆಯಲ್ಲಿ ಇದರ ಬಗ್ಗೆ ಚರ್ಚೆ ಕಾವೇರಿತು. ಕೆಲಸ ಕೈತಪ್ಪುವುದು ಖಂಡಿತ ಎಂದು ಚಿತ್ತರಂಜನನಿಗೆ ಅನಿಸಿತು. ಮಾವನ ಮನೆಯವರ ಮುಖಗಳು ಸಾಲಾಗಿ ಕಣ್ಣಮುಂದೆ ಬಂದವು. ಆದರೂ ಬಾಯಿಗೆ ಬಂದದ್ದು ತಮಾಷೆ.

"ಹಾಗಾದ್ರೆ ಲಾರಿಯ ಮೇಲೆ ಹತ್ತಿಸಿ ಓಡಿಸಬೇಕಷ್ಟೆ," ಎಂದ.

ಯಾರೂ ನಗಲಿಲ್ಲ. ಅಡ್ಯಂತಾಯರು, ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಎಂದರು. ಹನ್ನೊಂದು ವರ್ಷದಲ್ಲಿ ಚಿತ್ತರಂಜನನ ಒಂದು ಮಾತನ್ನು ಸಂಘ ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು.

ಮರದ ದಿಮ್ಮಿ ಎತ್ತುವ ಆಳುಗಳು ಕಾರಿಗೆ ಹಗ್ಗ ಹಾಕಿ, ಚಕ್ರ ಒಂದಿಷ್ಟೂ ಉರುಳದಂತೆ ಎತ್ತಿ ಹಾಜಿಯವರ ಲಾರಿಯಲ್ಲಿಟ್ಟರು. ನಿರ್ದೇಶಕರು ಸರದಿಯಂತೆ ಏಣಿ ಹತ್ತಿ ಕಾರಿನೊಳಗೆ ಕೂತು ನಂತೂರಿನವರೆಗೆ ಹೋಗಿಬಂದರು. ಚಿತ್ತರಂಜನ ಪ್ರತಿಸಲವೂ ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದ. ತಿರುವುಗಳಲ್ಲಿ ಲಾರಿ ತಿರುಗಿದ ಕಡೆಗೇ ತಿರುಗಿಸುತ್ತಿದ್ದ, ಕೆಲಸದಲ್ಲಿ ಲೋಪ ಬರಬಾರದಲ್ಲ. ಒಬ್ಬರು ದಾರಿಯುದ್ದಕ್ಕೂ ಹಾರ್ನ್ ಒತ್ತಿದರು. ಇನ್ನೊಬ್ಬರು ಬೇಗ ಹೋಗಬೇಡ, ತನಗೆ ತಲೆ ತಿರುಗುತ್ತದೆ ಎಂದು ಚಿತ್ತರಂಜನನನ್ನೇ ಗದರಿಸಿದರು.

ಪರಿಷ್ಕೃತ ವರದಿಯನ್ನು ಮಂಡಳಿ ಹೇಳಿದಂತೆ ಅವನು ಬರೆದುಕೊಂಡ. ಎಂಜಿನಿನ ಶಬ್ದ ಕೇಳಿಸುವುದೇ ಇಲ್ಲ. ಪೆಟ್ರೋಲು ತೊಟ್ಟೂ ಖರ್ಚಾಗುವುದಿಲ್ಲ. ಕೂತವರಿಗೆ ರಸ್ತೆ ಬಹಳ ದೂರದವರೆಗೆ ಕಾಣುತ್ತದೆ. ಚಕ್ರಗಳು ಸವೆಯುವ ಲಕ್ಷಣವಿಲ್ಲ. ಇಂಥ ವಾಹನಕ್ಕೆ ಹೋಲಿಸಲು ಜಿಲ್ಲೆಯಲ್ಲಿ ಬೇರೊಂದಿಲ್ಲದ ಕಾರಣ ಬೆಲೆಗೆ ಮಿತಿಯೂ ಇರಲಿಲ್ಲ; ಕಟ್ಟಿದ ಬೆಲೆಗೆ ಕದ್ರಿಯಲ್ಲಿ ತೋಟ ಸಮೇತ ಮನೆ ಬರುತ್ತಿತ್ತು. ಉಳ್ಳಾಲ ಸಂಕದ ಮೇಲೆ ಕಾರು ಹೇಗೆ ಹೋಯಿತೆಂದು ತನಗೊಬ್ಬನಿಗೇ ಗೊತ್ತು ಎಂದು ಚಿತ್ತರಂಜನನಿಗೆ ಅನಿಸಿತು, ನೋವೂ ಆಯಿತು. ಆದರೆ ಅದನ್ನು ಬರೆದರೆ ಬೆಲೆ ಇಳಿಯುತ್ತದೆ. ಸಹಿ ಹಾಕಿದ. ವರದಿ ಆಕ್ಷೇಪಣೆ ಇಲ್ಲದೆ ಪಾಸಾಯಿತು.

ಹಾಜಿಯವರಿಗೆ ಮಾತಾದ ಬೆಲೆ ಸಿಕ್ಕಿತು. ಹೋಟೆಲಿನ ಮಾಳಿಗೆ ಮಳೆಗಾಲದೊಳಗೆ ಮುಗಿಯಿತು. ಕಾರು ಸಾಲಕ್ಕೆ ಅಡವಾಗಿದ್ದರಿಂದ ಅದರ ಬೆಲೆ ಕಾಪಾಡುವುದು ಸಂಘದ ಕರ್ತವ್ಯವಾಯಿತು. ಓಡಿದರೆ ಬೆಲೆ ಇಳಿಯುತ್ತದೆ. ಆದುದರಿಂದ ಅದು ಇದ್ದಲ್ಲೇ ಇರತಕ್ಕದ್ದು, ಗೋದಾಮಿನ ಆ ಭಾಗಕ್ಕೆ ಹಾಜಿಯವರಿಗೆ ಬಾಡಿಗೆ ಕೊಡತಕ್ಕದ್ದು, ಕಾರು ಓಡುತ್ತಿಲ್ಲವೆಂದು ಪ್ರತಿದಿನ ದೃಢೀಕರಿಸಲು ಒಬ್ಬ ಅಧಿಕಾರಿಯನ್ನು ನೇಮಿಸತಕ್ಕದ್ದು ಎಂದು ಇಪ್ಪತ್ತಮೂರನೆಯ ನಿಯಮ ಬಂತು. ಓಡದೆ ಇರುವ ಕೆಲಸಕ್ಕೆ ಕೊನೆ ಎಂಬುದಿಲ್ಲವಾದ್ದರಿಂದ ಹುದ್ದೆ ಸಹಜವಾಗಿಯೇ ಖಾಯಂ. ಅನುಭವದ ದೃಷ್ಟಿಯಿಂದ ಚಿತ್ತರಂಜನನಷ್ಟು ಯೋಗ್ಯ ಬೇರೆ ಯಾರೂ ಇಲ್ಲವೆಂದು ಮಂಡಳಿ ಒಪ್ಪಿತು. ಅವನಿಗೂ ಹಾಗೆಯೇ ಅನಿಸಿತು.

ಗೋದಾಮಿನಲ್ಲಿ ಅವನಿಗೆ ಮೇಜು, ಕುರ್ಚಿ, ಫ್ಯಾನು ಬಂದವು. ಗಂಡನ ಖಾಯಂ ಆಫೀಸು ನೋಡಲು ಶಶಿಪ್ರಭಾ ಒಂದು ಮಧ್ಯಾಹ್ನ ಹೊಸ ಸೀರೆ ಉಟ್ಟು ಬಂದಳು. ಡಬ್ಬಿಯಲ್ಲಿ ಬನ್ಸ್ ತಂದಿದ್ದಳು. ಕಾರಿನ ಸುತ್ತ ಎರಡು ಸಲ ತಿರುಗಿ, ಒಮ್ಮೆ ತನ್ನನ್ನು ಉಳ್ಳಾಲಕ್ಕೆ ಕರೆದುಕೊಂಡು ಹೋಗಲು ಆಗುತ್ತದಾ ಎಂದು ಮೆಲ್ಲಗೆ ಕೇಳಿದಳು. ಚಿತ್ತರಂಜನ ಅವಳಿಗೆ ಇಪ್ಪತ್ತಮೂರನೆಯ ನಿಯಮವನ್ನು ಆದಿಯಿಂದ ಅಂತ್ಯದವರೆಗೆ ವಿವರಿಸಿದ. ಅವಳು ತಾಳ್ಮೆಯಿಂದ ಕೇಳಿ, ಸರಿ ಎಂದು ಬಾಗಿಲು ತೆಗೆದು ಒಳಗೆ ಕೂತಳು. ಅವನೂ ಬಂದು ಸ್ಟಿಯರಿಂಗ್ ಹಿಡಿದು ಕೂತ. ಇಬ್ಬರೂ ಒಂದೊಂದು ಬನ್ಸ್ ತಿಂದರು. ಫ್ಯಾನಿನ ಗಾಳಿ ಮುಖಕ್ಕೆ ಚೆನ್ನಾಗಿ ಬರುತ್ತಿತ್ತು.

"ಸ್ವಲ್ಪ ನಿಧಾನ ಹೋಗಿ, ಸೆರಗು ಹಾರ್ತದೆ," ಎಂದಳು ಶಶಿಪ್ರಭಾ.

ಚಿತ್ತರಂಜನ ನಿಧಾನ ಮಾಡಿದ.