ನೂರಾ ಹನ್ನೆರಡನೇ ಪುಟದ ಆಚೆ

ಓದಣ್ಣನ ಆ ದಿನ ಕೆಟ್ಟದ್ದು ಹೆಂಡತಿ ಕೇಳಿದ ಒಂದು ಪ್ರಶ್ನೆಯಿಂದ. ಕನ್ನಡಿ ಮುಂದೆ ನಿಂತು, ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು, ಸಂಜೆ ಮಾಡಬೇಕಾದ ಭಾಷಣವನ್ನು ಆತ ಮೂರನೇ ಸಲ ಒಪ್ಪಿಸುತ್ತಿದ್ದ. ‘ಇಂಥ ಲೇಖಕರು ನೂರು ವರ್ಷಕ್ಕೊಬ್ಬರು’ ಎನ್ನುವಾಗ ಬಲಗೈ ಎತ್ತಬೇಕೆಂದು ತೀರ್ಮಾನಿಸಿ ಎತ್ತಿದ್ದೂ ಆಗಿತ್ತು. ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು.

“ಅದೆಲ್ಲಾ ಸರಿ, ಅವರ ಹೆಸರೇನ್ರೀ?”

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಓದಣ್ಣನಿಗೆ ಹೆಸರು ಗೊತ್ತಿರಲಿಲ್ಲ.

ನಗಬೇಡಿ, ಅದಕ್ಕೆ ಕಾರಣವಿದೆ. ಇಪ್ಪತ್ತು ವರ್ಷದ ಹಿಂದೆ ಲೈಬ್ರರಿಯ ತೀರಾ ಕೆಳಗಿನ ಕಪಾಟಿನಲ್ಲಿ ಆ ಕಾದಂಬರಿ ಸಿಕ್ಕಾಗಲೇ ಅದರ ಮೊದಲ ಎಂಟು ಪುಟ ಇರಲಿಲ್ಲ. ಕಂದು ರೆಕ್ಸಿನ್ ಹೊದಿಕೆ, ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರು, ಅಷ್ಟೇ. ಓದಣ್ಣ ಅದನ್ನು ಹನ್ನೊಂದು ಸಲ ಓದಿದ. ಬರೆದವರನ್ನು ‘ನಮ್ಮವರು’ ಎಂದು ಕರೆಯತೊಡಗಿದ. ಮನೆಯ ಹಿರಿಯರ ಹೆಸರನ್ನು ಯಾರೂ ದಿನಾ ಕೂಗುವುದಿಲ್ಲವಲ್ಲ, ಹಾಗೆ ಅವನಿಗೂ ಹೆಸರಿನ ಅಗತ್ಯ ಬಿದ್ದಿರಲಿಲ್ಲ.

ಕಾದಂಬರಿಯಾದರೂ ಎಂಥದ್ದು! ಸಮುದ್ರದ ದಡದ ದೀಪಸ್ತಂಭದಲ್ಲಿ ಒಬ್ಬ ಒಂಟಿ ಕಾವಲುಗಾರ. ನೂರಾ ಹನ್ನೆರಡನೇ ಪುಟದಲ್ಲಿ ಅವನು ದೀಪ ಹಚ್ಚಲು ಮೆಟ್ಟಿಲು ಹತ್ತುತ್ತಾನೆ. ಪುಟ ತಿರುವಿದರೆ ಮೂವರು ಅಕ್ಕತಂಗಿಯರು ಒಂದು ಹೊಲಿಗೆ ಮೆಷಿನ್ನಿಗಾಗಿ ಜಗಳವಾಡುತ್ತಿರುತ್ತಾರೆ. ಕಾವಲುಗಾರ ಮತ್ತೆ ಬರುವುದೇ ಇಲ್ಲ. ನೂರಾ ಹನ್ನೆರಡರ ನಂತರದ ಪುಟದ ಸಂಖ್ಯೆ ತೊಂಬತ್ತೇಳು. ಕಾಲ ಹಿಂದಕ್ಕೆ ಹೋಯಿತೆಂದು ಪುಟಸಂಖ್ಯೆಯಲ್ಲೇ ತೋರಿಸಿದ ಲೇಖಕ ಬೇರೆ ಯಾರಿದ್ದಾರೆ ಎಂದು ಓದಣ್ಣ ಸಿಕ್ಕವರಿಗೆಲ್ಲ ಸವಾಲು ಹಾಕುತ್ತಿದ್ದ. ಸಿಕ್ಕವರು ಬಸ್ಸು ಬಂತೆಂದು ತಪ್ಪಿಸಿಕೊಳ್ಳುತ್ತಿದ್ದರು.

ಆ ಸಂಜೆ ಲೈಬ್ರರಿಯಲ್ಲಿ ‘ನನ್ನ ಮೆಚ್ಚಿನ ಲೇಖಕರು’ ಎಂಬ ಸಭೆ. ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವರಿಗೆ ಪುಸ್ತಕ ಆಯ್ಕೆ ಸಮಿತಿಯಲ್ಲಿ ಜಾಗ. ಯಾವ ಪುಸ್ತಕ ಕೊಳ್ಳಬೇಕು, ಯಾವುದನ್ನು ಉಳಿಸಬೇಕು ಎಂದು ಹೇಳುವ ಕುರ್ಚಿ ಅದು. ನೀರು ಸರಬರಾಜು ಕಚೇರಿಯಲ್ಲಿ ದೂರಿನ ಪುಸ್ತಕ ಬರೆದು ಬರೆದು ಬೆರಳು ಸವೆಸಿದ ಓದಣ್ಣನಿಗೆ ಜೀವಮಾನದಲ್ಲಿ ಬೇರೆ ಯಾವ ಕುರ್ಚಿಯ ಮೇಲೂ ಆಸೆ ಹುಟ್ಟಿರಲಿಲ್ಲ. ಈಗ ಹೆಸರು ಗೊತ್ತಿಲ್ಲದೆ ಹೋಗಿ ನಿಂತರೆ ಮಾನ ಉಳಿದೀತೇ?

ಅರ್ಧ ಗಡ್ಡದಲ್ಲೇ ಪುಸ್ತಕ ಹಿಡಿದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಬಳಿ ಓಡಿದ. ಮೇಷ್ಟ್ರು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು ಹದಿಮೂರನೇ ಪುಟ ಓದಿದರು. ಎರಡು ಸಾಲು ಓದಿದ್ದೇ ತಡ, ಪುಸ್ತಕ ಮುಚ್ಚಿ ಮುಂದಿನ ನಾಲ್ಕು ಸಾಲನ್ನು ಬಾಯಲ್ಲೇ ಹೇಳಿಬಿಟ್ಟರು. ಬರೆದವರು ವಕೀಲಿ ಬಿಟ್ಟು ಸಾಹಿತ್ಯಕ್ಕೆ ಬಂದ ಮಹನೀಯರು, ಗಿರಿಜಾ ಮೀಸೆ, ತೀರಿಕೊಂಡು ನಲವತ್ತು ವರ್ಷವಾಯಿತು ಎಂದು ವಿವರಿಸಿ ಹೆಸರನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಓದಣ್ಣ ಚೀಟಿಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು, ಉಳಿದ ಅರ್ಧ ಗಡ್ಡವನ್ನು ನಿಶ್ಚಿಂತೆಯಿಂದ ಕೆರೆದುಕೊಂಡ.

ಆ ನಿಶ್ಚಿಂತೆ ಕಚೇರಿಯಲ್ಲಿ ಹತ್ತು ನಿಮಿಷವೂ ಬಾಳಲಿಲ್ಲ. ಟೈಪಿಸ್ಟ್ ಅಕ್ಕ ಅವನ ಮೇಜಿನ ಮೇಲಿದ್ದ ಪುಸ್ತಕವನ್ನು ಸುಮ್ಮನೆ ಮಧ್ಯದಲ್ಲಿ ತೆರೆದು ನೋಡಿದಳು. ನೋಡುತ್ತಿದ್ದಂತೆ ಅವಳ ಮುಖ ಅರಳಿತು.

“ಅಯ್ಯೋ, ಇದು ನಮ್ಮಮ್ಮನ ಮೆಚ್ಚಿನ ಪುಸ್ತಕ ಕಣಣ್ಣ. ಕೊನೇ ತಂಗಿ ಮೆಷಿನ್ನಿನ ಸೂಜಿ ಬಚ್ಚಿಡ್ತಾಳೆ, ನೋಡು ಬೇಕಾದ್ರೆ.”

ಬಚ್ಚಿಡುವುದು ನಿಜವೇ ಆಗಿತ್ತು. ಬರೆದವರು ಒಬ್ಬ ನರ್ಸಮ್ಮ, ಗಟ್ಟಿಮುಟ್ಟಾಗಿ ಇದ್ದಾರೆ, ಹೋದ ತಿಂಗಳು ಸಂಬಂಧಿಕರ ಮನೆಯಲ್ಲಿ ತಾನೇ ಮಾತಾಡಿಸಿದ್ದೇನೆ ಎಂದು ಅಕ್ಕ ಆಣೆ ಇಟ್ಟಳು. ಓದಣ್ಣ ಜೇಬಿನ ಚೀಟಿ ತೆಗೆದು ನೋಡಿದ. ಒಬ್ಬರು ಗಂಡಸು, ಒಬ್ಬರು ಹೆಂಗಸು. ಒಬ್ಬರು ಸತ್ತಿದ್ದಾರೆ, ಒಬ್ಬರು ಬದುಕಿದ್ದಾರೆ. ಇಬ್ಬರ ಪರವಾಗಿಯೂ ಪುಸ್ತಕವನ್ನು ಬಾಯಿಪಾಠ ಹೇಳುವ ಸಾಕ್ಷಿಗಳಿದ್ದಾರೆ.

ಮೇಷ್ಟ್ರಿಗೆ ಫೋನು ಮಾಡಿದ. ಹೊಲಿಗೆ ಮೆಷಿನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಮೇಷ್ಟ್ರು ರೇಗಿದರು. ಆ ಮಹನೀಯರ ಬರವಣಿಗೆಯಲ್ಲಿ ಹೆಂಗಸರ ನೆರಳೂ ಸುಳಿಯುವುದಿಲ್ಲ, ಸತ್ತವರ ಮರ್ಯಾದೆ ತೆಗೆಯಬೇಡ ಎಂದು ಫೋನು ಇಟ್ಟೇಬಿಟ್ಟರು.

ಅಷ್ಟರಲ್ಲಿ ಕಚೇರಿಯೇ ಈ ವಿಚಾರಣೆಗೆ ಕೂತಿತ್ತು. ವಕೀಲರೇ ಹೆಂಗಸಿನ ಹೆಸರಲ್ಲಿ ಬರೆದಿರಬೇಕೆಂದು ಒಂದು ಗುಂಪು. ನರ್ಸಮ್ಮ ಬರೆದದ್ದನ್ನು ವಕೀಲರು ಕದ್ದರೆಂದು ಇನ್ನೊಂದು ಗುಂಪು. ಇಬ್ಬರೂ ಗಂಡ ಹೆಂಡತಿಯಾಗಿದ್ದು ಆಮೇಲೆ ಬಿಟ್ಟಿರಬಹುದು ಎಂದು ಸೂಪರಿಂಟೆಂಡೆಂಟರು ಯಾರೂ ಕೇಳದಿದ್ದರೂ ರಾಜಿ ಸೂತ್ರ ಮುಂದಿಟ್ಟರು. ಮನೆ ಮುಂದೆ ಪೈಪು ಒಡೆದಿದೆ ಎಂದು ಫೋನು ಮಾಡಿದವರೊಬ್ಬರನ್ನು ಓದಣ್ಣ “ಬರೆದವರು ಯಾರು?” ಎಂದು ಕೇಳಿದ. ಅವರು ಏನೋ ಅಂದರು. ಆ ಮಾತನ್ನು ದೂರಿನ ಪುಸ್ತಕದಲ್ಲಿ ಬರೆಯುವ ಹಾಗಿರಲಿಲ್ಲ.

ತಲೆ ಚಿಟ್ಟು ಹಿಡಿದು, ಅರ್ಧ ದಿನ ರಜೆ ಬರೆದುಕೊಟ್ಟು ಲೈಬ್ರರಿಗೆ ಹೋದ. ಲೈಬ್ರರಿಯಮ್ಮ ದಪ್ಪ ದಾಖಲೆ ಪುಸ್ತಕ ತೆಗೆದು, ಬೆನ್ನಿನ ಮೇಲಿನ ನಂಬರಿನ ಎದುರು ಬೆರಳಿಟ್ಟು ಗಂಭೀರವಾಗಿ ಓದಿದರು. ಹೆಸರು: ಮನೆಯಲ್ಲಿ ಕೋಳಿ ಸಾಕಣೆ. ಬರೆದವರು: ಪಶುವೈದ್ಯ ಇಲಾಖೆ.

ಓದಣ್ಣ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತ. ಇಡೀ ಕಾದಂಬರಿಯಲ್ಲಿ ಎಲ್ಲಾದರೂ ಒಂದು ಕೋಳಿ ಬಂದಿತ್ತೇ ಎಂದು ಪ್ರಾಮಾಣಿಕವಾಗಿ ನೆನಪಿಸಿಕೊಂಡ. ಬಂದಿರಲಿಲ್ಲ.

“ಒಂದ್ಸಲ ಬೈಂಡರನ್ನ ಕೇಳಿ ನೋಡಿ,” ಅಂದರು ಲೈಬ್ರರಿಯಮ್ಮ.

ಹಿಂದಿನ ಕೋಣೆಯಲ್ಲಿ ಗೋಂದಿನ ಡಬ್ಬ, ರಟ್ಟಿನ ರಾಶಿ, ದಾರದ ಉಂಡೆಗಳ ನಡುವೆ ಬೈಂಡರ್ ನೆಲದ ಮೇಲೆ ಕೂತಿದ್ದ. ಮೂವತ್ತು ವರ್ಷದಿಂದ ಲೈಬ್ರರಿಯ ಪುಸ್ತಕಗಳನ್ನು ಹೊಲಿಯುತ್ತಿರುವವನು. ಓದಣ್ಣ ಪುಸ್ತಕ ಕೊಟ್ಟ. ಬೈಂಡರ್ ಒಂದಕ್ಷರವನ್ನೂ ನೋಡಲಿಲ್ಲ. ಬೆನ್ನನ್ನು ಬಗ್ಗಿಸಿ ದಾರ ನೋಡಿದ.

“ನಾನೇ ಹೊಲಿದಿದ್ದು ಸಾರ್. ಎರಡು ಪುಸ್ತಕ ಬಂದಿದ್ವು. ಒಂದಕ್ಕೆ ಹಿಂದ್ಗಡೆ ಇರ್ಲಿಲ್ಲ, ಒಂದಕ್ಕೆ ಮುಂದ್ಗಡೆ ಇರ್ಲಿಲ್ಲ. ಅಳತೆ ಎರಡೂ ಒಂದೇ. ಸೇರಿಸಿದೆ, ಕರೆಕ್ಟಾಗಿ ಕೂತ್ಕೊಂಡ್ತು.”

“ಈ ನಂಬರು?”

“ರಟ್ಟು ಕೋಳಿ ಪುಸ್ತಕದ್ದು. ಗಟ್ಟಿ ರಟ್ಟು, ಯಾಕೆ ಹಾಳು ಮಾಡೋದು ಅಂತ ಹಾಕ್ದೆ.”

ಓದಣ್ಣನಿಗೆ ಏನನ್ನಿಸಿತು ಎಂದು ಅವನಿಗೇ ತಿಳಿಯಲಿಲ್ಲ. ಸಿಟ್ಟು ಬಂದಿತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ದುಃಖವೂ ಆಯಿತು, ಆದರೆ ತೀರಿಕೊಂಡವರು ಯಾರು? ಗಡಿಯಾರದಲ್ಲಿ ಮೂರೂವರೆ. ಸಭೆ ಐದಕ್ಕೆ. ಹೊಸ ಲೇಖಕರನ್ನು ಮೆಚ್ಚಿಕೊಳ್ಳಲು ಒಂದೂವರೆ ಗಂಟೆ ಯಾರಿಗೂ ಸಾಲುವುದಿಲ್ಲ.

ಐದಕ್ಕೆ ಸಭೆ ಸೇರಿತು. ಅಧ್ಯಕ್ಷರು ಶಿಸ್ತಿಗೆ ಹೆಸರಾದ ಮಾಜಿ ಹೆಡ್‌ಮಿಸ್ಟ್ರೆಸ್ ಅಮ್ಮ. ಮೊದಲು ಮೇಷ್ಟ್ರು ವಕೀಲ ಲೇಖಕರ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಮುಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಹೋದರು. ಓದಣ್ಣನ ಸರದಿ ಬಂದಾಗ ಆತ ಬರೆದುಕೊಂಡು ಬಂದಿದ್ದ ಹಾಳೆಯನ್ನು ಮಡಿಸಿಟ್ಟ. ಸುಳ್ಳು ಹೇಳಲು ಧೈರ್ಯ ಸಾಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿದ. ವಕೀಲರು, ನರ್ಸಮ್ಮ, ಕೋಳಿ, ದಾರ ಎಲ್ಲವನ್ನೂ ಹೇಳಿದ. ಜನ ಬಿದ್ದು ಬಿದ್ದು ನಕ್ಕರು. ನಿದ್ದೆ ಹೋದವರೂ ಎದ್ದು ನಕ್ಕರು. ನಗು ನಿಂತ ಮೇಲೆ ಓದಣ್ಣ ಪುಸ್ತಕವನ್ನು ಎತ್ತಿ ಹಿಡಿದ.

“ನಮ್ಮಣ್ಣ ಒಂದಿನ ಮನೆ ಬಿಟ್ಟು ಹೋದ. ಯಾಕೆ ಅಂತ ಹೇಳ್ಲಿಲ್ಲ, ವಾಪಸ್ ಬರ್ಲಿಲ್ಲ. ಆ ವರ್ಷಾನೇ ನನಗೆ ಈ ಪುಸ್ತಕ ಸಿಕ್ಕಿದ್ದು. ಮೆಟ್ಲು ಹತ್ತಿ ಹೋದೋನು ಬರಲ್ಲ, ಆದ್ರೆ ಇನ್ನೆಲ್ಲೋ ಒಂದು ಮನೇಲಿ ಮೆಷಿನ್ ಓಡ್ತಾನೇ ಇರುತ್ತೆ. ಹಿಂಗೂ ಇರುತ್ತಲ್ಲ ಅಂತ ನನಗೆ ಸಮಾಧಾನ ಆಗಿತ್ತು. ಅದು ತಪ್ಪು ಹೊಲಿಗೆ ಅಂತ ಇವತ್ತು ಗೊತ್ತಾಯ್ತು. ಗೊತ್ತಾದ ಮೇಲೂ ಅದೇ ಸರಿ ಅನ್ನಿಸ್ತಿದೆ. ನಾನೇನ್ ಮಾಡ್ಲಿ?”

ಟೈಪಿಸ್ಟ್ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೇಷ್ಟ್ರು ಕೂಡ ಕನ್ನಡಕ ತೆಗೆದರು. ಆಮೇಲೆ ಬಂದ ಚಪ್ಪಾಳೆ ಮೂರು ನಿಮಿಷ ನಿಲ್ಲಲಿಲ್ಲ. ಓದಣ್ಣನಿಗೆ ಕುರ್ಚಿಯ ಕಾಲುಗಳು ಕಣ್ಣಿಗೆ ಕಾಣತೊಡಗಿದವು.

ಅಧ್ಯಕ್ಷರು ಎದ್ದರು. ಇಂಥ ಭಾಷಣವನ್ನು ತಾವು ಈ ಲೈಬ್ರರಿಯಲ್ಲಿ ಕೇಳಿರಲಿಲ್ಲ ಎಂದರು. ಓದಣ್ಣ ನಾಚಿ ನೆಲ ನೋಡಿದ. ಯಾವ ಪುಸ್ತಕದ ಪಕ್ಕ ಯಾವುದು ಕೂರಬೇಕು ಎಂದು ತಿಳಿದವರೇ ಆಯ್ಕೆ ಸಮಿತಿಗೆ ಬೇಕು ಎಂದರು. ಓದಣ್ಣ ಎದ್ದು ನಿಲ್ಲಲು ಸಿದ್ಧನಾದ.

“ಅಂಥವರು ನಮ್ಮಲ್ಲೇ ಇದ್ದಾರೆ, ಮೂವತ್ತು ವರ್ಷದಿಂದ ಹಿಂದಿನ ಕೋಣೇಲಿ ಕೂತಿದ್ದಾರೆ ಅಂತ ಈ ಭಾಷಣದಿಂದ ತಿಳೀತು,” ಎಂದು ಅಧ್ಯಕ್ಷರು ಬಾಗಿಲ ಕಡೆ ಕೈ ತೋರಿಸಿದರು. “ಸಮಿತಿಯ ಹೊಸ ಸದಸ್ಯರು, ನಮ್ಮ ಬೈಂಡರ್.”

ಗೋಂದಿನ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದ ಬೈಂಡರಿಗೆ ಏನೂ ಅರ್ಥವಾಗಲಿಲ್ಲ. ಕರೆದರಲ್ಲ ಎಂದು ಬಂದ. ಕೂರಿಸಿದರಲ್ಲ ಎಂದು ಕುರ್ಚಿಯ ಮೇಲೆ ಕೂತ. ಓದಣ್ಣನೂ ಚಪ್ಪಾಳೆ ತಟ್ಟಬೇಕಾಯಿತು. ಜೊತೆಗೆ ಶಿಸ್ತಿನ ಅಧ್ಯಕ್ಷರು ಇನ್ನೊಂದು ಆಜ್ಞೆಯನ್ನೂ ಹೊರಡಿಸಿದರು. ತಪ್ಪು ನಂಬರಿನ ಆ ಪುಸ್ತಕವನ್ನು ನಾಳೆಯೇ ಬಿಚ್ಚಿ ಎರಡು ಮಾಡಿ, ಸರಿಯಾದ ಜಾಗದಲ್ಲಿ ಇಡತಕ್ಕದ್ದು.

ಲೇಖಕರು ಹೋದರು, ಕುರ್ಚಿ ಹೋಯಿತು, ಈಗ ಪುಸ್ತಕವೂ ಹೋಗುವುದೇ? ಸಭೆ ಚದುರುವಾಗ ಓದಣ್ಣ ಪುಸ್ತಕವನ್ನು ಎದೆಗವಚಿಕೊಂಡು ಬೈಂಡರನ ಬಳಿ ಹೋಗಿ, ಇದೊಂದನ್ನು ಮಾತ್ರ ಬಿಚ್ಚಬೇಡ ಎಂದು ಗೋಗರೆದ.

ಬೈಂಡರ್ ಪಾಪ ಕರಗಿದ. ಹಾಗೇ ಬಿಟ್ಟುಬಿಡುತ್ತೇನೆ ಎಂದು ಹೇಳಲು ಬಾಯಿಯನ್ನೂ ತೆರೆದ. ಆಮೇಲೆ ತಾನು ಕೂತಿದ್ದ ಕುರ್ಚಿಯ ಎರಡೂ ಕೈಗಳನ್ನು ಮುಟ್ಟಿ ನೋಡಿಕೊಂಡ.

“ಬಾಯಿ ಮಾತಲ್ಲಿ ಆಗಲ್ಲ ಸಾರ್. ಸಮಿತಿಗೆ ಒಂದು ಅರ್ಜಿ ಕೊಡಿ, ನೋಡೋಣ.”

ಓದಣ್ಣ ಜೇಬಿನಿಂದ ಪೆನ್ನು ತೆಗೆದು, ಭಾಷಣದ ಹಾಳೆಯ ಹಿಂಬದಿಯಲ್ಲಿ ‘ಮಾನ್ಯ ಸಮಿತಿ ಸದಸ್ಯರಿಗೆ’ ಎಂದು ಬರೆದ. ಬೈಂಡರ್ ಕುರ್ಚಿಯಿಂದಲೇ ಬಗ್ಗಿ ನೋಡಿದ.

“ಅಕ್ಷರ ಸ್ವಲ್ಪ ದೊಡ್ಡದಾಗಿ ಬರೀರಿ ಸಾರ್. ನನಗೆ ಓದೋ ಅಭ್ಯಾಸ ಇಲ್ಲ.”