ನಮ್ಮ ಅಂಗಳದ ಇಸ್ತ್ರಿಬಾರಿ

ಎದೆ ಧಸಕ್ಕೆನ್ನುವಂಥ ಸಂಗತಿ ಬೇರೆಯವರ ಮನೆಗೆ ವರ್ಷಕ್ಕೊಮ್ಮೆ ಬಂದರೆ, ನಮ್ಮ ಮನೆಗೆ ಕಾಯಿಪಲ್ಲೆ ಬುಟ್ಟಿಯವಳ ಹಾಗೆ ದಿನಾ ಬಾಗಿಲಿಗೆ ಬರುತ್ತಿತ್ತು. ಸ್ಟ್ರಾಬೆರಿ ಗಿಡಗಳು ಬಂದ ವರ್ಷವಂತೂ ನನ್ನ ಎದೆ ತನ್ನ ಜಾಗದಲ್ಲಿ ನಿಂತದ್ದೇ ಕಡಿಮೆ.

ನಿಜಾಮರ ಆಳಿಕೆ ಮುಗಿದಿತ್ತು, ಕನ್ನಡ ನಾಡು ಇನ್ನೂ ಒಂದಾಗಿರಲಿಲ್ಲ. ನಾನು ಲಿಂಗಸುಗೂರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು. ನಮ್ಮ ಮನೆಯವರು ಚಿನ್ನದ ಗಣಿಯ ಊರಾದ ಹಟ್ಟಿಯ ಒಂದು ದವಾಖಾನೆಯಲ್ಲಿ ಕಂಪೌಂಡರ್, ಮನೆಗೆ ಬರುವುದು ರವಿವಾರ ಮಾತ್ರ. ಊರು ಬಿಟ್ಟು ಹೊರಟ ಡಾಕ್ಟರ್ ಸಾಹೇಬರೊಬ್ಬರು ಕೊಟ್ಟರೆಂದು ಒಂದು ರವಿವಾರ ಒಂದಿಷ್ಟು ಸಸಿ ತಂದರು.

"ಸಾಹೇಬರ ಬಂಗಲೆದಾಗ ಒಂದು ಬೊಗಸಿ ಹಣ್ಣೂ ಬಿಟ್ಟಿಲ್ಲಂತ. ನಿನ್ನ ಕೈಯಾಗೇನ ಬಿಡತಾವ, ಬಿಡು," ಅಂದರು.

ಬಿಡುವುದುಂಟೇ? ಅವತ್ತೇ ಹಟ ಹಿಡಿದೆ. ನಮ್ಮ ಅತ್ತೆಯವರ ನಾಲಿಗೆಗೆ ಮಾತ್ರ ಸ್ಟ್ರಾಬೆರಿ ಹೊರಳಲಿಲ್ಲ. "ಇಸ್ತ್ರಿಬಾರಿ" ಅಂದರು. ಓಣಿಗೆಲ್ಲ ಅದೇ ಹೆಸರಾಯಿತು.

೧. ಹುಲ್ಲು

"ಬುಡಕ್ಕ ಹುಲ್ಲು ಹಾಸಬೇಕಂತ. ಹಸಿ ಆರಂಗಿಲ್ಲ, ಹಣ್ಣಿಗೆ ಮಣ್ಣು ಹತ್ತಂಗಿಲ್ಲ, ಇಳುವರಿ ಹೆಚ್ಚಾಗತೈತಿ," ಎಂದು ಮನೆಯವರು ಸಾಹೇಬರ ಮಾತು ಒಪ್ಪಿಸಿದರು. ನಮ್ಮಲ್ಲಿದ್ದದ್ದು ಜೋಳದ ಕಣಿಕೆ, ಬಲು ಬಿರುಸು. ಕಾಲುವೆ ನೀರು ಆಗತಾನೇ ಕಂಡಿದ್ದ ಬಳಗಾನೂರಿನಿಂದ ನೆಲ್ಲಿನ ಹುಲ್ಲನ್ನು ಬಸ್ಸಿನ ತಲೆ ಮೇಲೆ ಹೇರಿಸಿಕೊಂಡು ಬಂದರು. ನಾನು ಸಸಿಗಳ ಬುಡಕ್ಕೆಲ್ಲ ಹಾಸಿಗೆಯ ಹಾಗೆ ಹಾಸಿದೆ.

ನಮ್ಮ ಆಕಳು ಹುಟ್ಟಿದಾಗಿನಿಂದ ಕಣಿಕೆ ಬಿಟ್ಟು ಬೇರೆ ರುಚಿ ಕಂಡದ್ದಲ್ಲ. ಮರುದಿನ ಸಾಲೆಯಿಂದ ಬಂದು ನೋಡುತ್ತೇನೆ, ಹಗ್ಗ ಹರಿದುಕೊಂಡು ಮಡಿಯ ನಡುವೆ ನಿಂತಿದೆ. ಹುಲ್ಲೂ ಇಲ್ಲ, ಮುಕ್ಕಾಲು ಪಾಲು ಗಿಡವೂ ಇಲ್ಲ. ಬಾಯಿಯ ಮೂಲೆಯಲ್ಲಿ ಒಂದೇ ಒಂದು ಎಲೆ ಅಲ್ಲಾಡುತ್ತಿದೆ. ನನ್ನ ಕೈಯಲ್ಲಿದ್ದ ಛತ್ರಿ ಜಾರಿ ಬಿತ್ತು.

ಸಂಜೆ ಹಾಲು ಕರೆದು ಬಂದ ಅತ್ತೆಯವರ ಮುಖ ಅರಳಿತ್ತು. ಚರಿಗೆ ತುಂಬಿ ನೊರೆ ಹೊರಗೆ ಬಂದಿತ್ತು.

"ಆ ಡಾಕ್ಟರ ಸುಳ್ಳು ಹೇಳಿಲ್ಲ ಬಿಡವಾ," ಅಂದರು, "ನೆಲ್ಲುಹುಲ್ಲು ಹಾಕಿದ್ರ ಇಳುವರಿ ಖರೇನ ಹೆಚ್ಚಾಗತೈತಿ!"

೨. ಹೂವು

ಉಳಿದ ನಾಲ್ಕು ಗಿಡ ಬಳ್ಳಿ ಬಿಟ್ಟವು. ಬಳ್ಳಿಯ ತುದಿಗೆ ಬೇರು ಬಂದಂತೆ ಒಂದೊಂದನ್ನೇ ಖಾಲಿ ಸೀಮೆಎಣ್ಣೆ ಡಬ್ಬಿಗಳಲ್ಲಿ ನೆಟ್ಟು, ಆಕಳ ಬಾಯಿಗೆ ಎಟುಕದಂತೆ ಕಟ್ಟೆಯ ಮೇಲಿಟ್ಟೆ. ಚಳಿ ಬೀಳುತ್ತಲೇ ಬಿಳಿ ಹೂವು ಬಂದವು. ಮೊದಲ ಹೂವು ಚಿವುಟಿದರೆ ಗಿಡಕ್ಕೆ ಬಲ ಬಂದು ಆಮೇಲೆ ಹಣ್ಣು ಹೆಚ್ಚು ಬಿಡುತ್ತದೆ ಎಂಬುದು ಸಾಹೇಬರ ಇನ್ನೊಂದು ಮಾತು.

ನಾನು ಚಿವುಟಿ ಚಿವುಟಿ ಒಗೆಯುವುದನ್ನು ಅತ್ತೆಯವರು ಕಂಡರು. ಕೈಯಲ್ಲಿದ್ದ ಕಸಬರಿಗೆ ಹಾಗೇ ನಿಂತಿತು. "ಯವ್ವಾ! ಮೈಮ್ಯಾಲೆ ಏನರ ಬಂದೈತೇನ ನಿನಗ? ಇಂಥಾ ಹೂವು ಮಣ್ಣಾಗ ಒಗಿತಿ? ಕೊಡಿಲ್ಲೆ, ಲಿಂಗಕ್ಕರ ಏರಸ್ತೀನಿ."

ಏರಿಸಿದರು. ಮರುದಿನವೂ, ಅದರ ಮರುದಿನವೂ ಏರಿಸಿದರು. ನಾನು ಏಳುವುದರೊಳಗೆ ಡಬ್ಬಿಗಳೆಲ್ಲ ಬೋಳು.

"ಅತ್ತೀ, ಇನ್ನ ಸಾಕ್ರಿ. ಹೂವು ಉಳಿದ್ರ ಹಣ್ಣು."

"ಅಂದ್ರ ನೀ ತಿನ್ನಾಕ ಲಿಂಗಯ್ಯ ಉಪವಾಸ ಇರಬೇಕೇನ?"

ಅಳು ಬಂದು ಓಣಿಗೆಲ್ಲ ಚಿಕ್ಕಮ್ಮನಂತಿದ್ದ, ಪಕ್ಕದ ಮುಸಲ್ಮಾನರ ಮನೆಯ ಖಾಲಾನ ಮುಂದೆ ಹೇಳಿಕೊಂಡೆ. "ಅರೇ ಬೇಟಿ, ಇಷ್ಟಕ್ಕ ಯಾಕ ಅಳತಿ? ನಮ್ಮ ನಂದಿಬಟ್ಟಲ ಹೂವು ದಿನಾ ಉದುರಿ ಹೋಗಾಕತ್ತಾವ," ಎಂದು ಮರುದಿನ ಬೆಳಿಗ್ಗೆಯೇ ಬುಟ್ಟಿ ತುಂಬ ಹೂವು ತಂದಿಟ್ಟರು.

ಅತ್ತೆಯವರು ಪೂಜೆ ಮುಗಿಸಿ ಹೊರಗೆ ಬಂದು ನನ್ನ ಡಬ್ಬಿಗಳನ್ನು ತಿರಸ್ಕಾರದಿಂದ ನೋಡಿದರು. "ಖಾಲಾನ ಮನಿ ಗಿಡಕ್ಕ ಇರೋ ಲಿಂಗಭಕ್ತಿ ನಮ್ಮ ಮನಿ ಗಿಡಕ್ಕಿಲ್ಲ ನೋಡು!"

೩. ಬಲೆ

ಕಾಯಿ ಕೆಂಪಾಗತೊಡಗಿದ್ದೇ ಗಿಳಿಗಳು ಬಂದವು. ಬಲೆ ಬೇಕೆಂದೆ. ಮನೆಯವರು ದಢೇಸುಗೂರಿನ ಗುರುತಿನವರಿಂದ ಒಂದು ಹಳೇ ಬಲೆ ತಂದು ಹೊದಿಸಿ ಹಟ್ಟಿಗೆ ಹೋದರು. ಅದು ಹೊಳೆಯಲ್ಲಿ ಮೀನು ಹಿಡಿಯುವ ಬಲೆ ಎಂದು ನನಗೆ ಗೊತ್ತಾದದ್ದು ಬಿಸಿಲೇರಿ ವಾಸನೆ ಎದ್ದ ಮೇಲೆ. ಮಧ್ಯಾಹ್ನದ ಹೊತ್ತಿಗೆ ಓಣಿಯ ಬೆಕ್ಕುಗಳೆಲ್ಲ ಬಂದು ಡಬ್ಬಿಗಳ ಸುತ್ತ ಪಂಕ್ತಿ ಕೂತವು. ಅವುಗಳಿಗೆ ಹೆದರಿ ಒಂದು ಗಿಳಿಯೂ ಹತ್ತಿರ ಸುಳಿಯಲಿಲ್ಲ. ಫಸಲು ಉಳಿಯಿತಲ್ಲ ಎಂದು ನಾನು ಉಸಿರು ಬಿಡುವುದರೊಳಗೆ, ಮಠದ ಅಯ್ಯನವರು ಪಾದಪೂಜೆಗೆ ಬಂದೇಬಿಟ್ಟರು.

ನಮ್ಮದು ಮೂರು ಹೊತ್ತು ಲಿಂಗಪೂಜೆಯ ಮನೆ. ಅತ್ತೆಯವರ ಮುಖ ಸುಣ್ಣದ ಗೋಡೆಯಾಯಿತು. ಅಯ್ಯನವರು ಹೊಸ್ತಿಲಲ್ಲೇ ನಿಂತು, ಮೂಗು ಏರಿಸಿ, ಬೆಕ್ಕುಗಳನ್ನು ನೋಡಿದರು, ಬಲೆಯನ್ನು ನೋಡಿದರು.

"ಏನವಾ ಇದು?"

"ಹಕ್ಕಿ ಬಲೀರಿ, ಅಜ್ಜಾರ," ಅಂದರು ಅತ್ತೆಯವರು.

"ಹಕ್ಕಿ ಬಲಿ ಖರೆ. ಈ ವಾಸನಿ ಯಾವ ಹಕ್ಕೀದವಾ?"

೪. ಒಂದು ತಾಟು ಹಣ್ಣು

ಅಂತೂ ಒಂದು ತಾಟು ತುಂಬ ಹಣ್ಣು ಬಿಡಿಸಿದ ದಿನವೇ ಸಾಲೆಗೆ ಇನ್ಸ್‌ಪೆಕ್ಟರ್ ಬಾಯಿಯವರು ಬಂದರು. ಅವರ ಮಾತಿನ ಮೇಲೆ ನಮ್ಮ ಸಾಲೆಗೆ ಐದನೆಯ ಇಯತ್ತೆಯ ತರಗತಿ ಸಿಗುವುದಿತ್ತು. ಮಾತಿನ ಭರದಲ್ಲಿ, ನಮ್ಮ ಮನೆಯಲ್ಲಿ ಸ್ಟ್ರಾಬೆರಿ ಬೆಳೆದಿವೆ ಎಂದುಬಿಟ್ಟೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮಹಾಬಳೇಶ್ವರದಾಗ ಬೆಳಿಯೋ ಹಣ್ಣು ಈ ಲಿಂಗಸುಗೂರ ಬಿಸಲಾಗ? ಅಕ್ಕೋರ, ಇದೊಂದು ಸುಳ್ಳಾದ್ರ ನೀವು ಕೊಟ್ಟ ಹಾಜರಿ ಲೆಕ್ಕನೂ ಸುಳ್ಳು ಅಂತ ತಿಳಿಬೇಕಾಗತೈತಿ. ನಡೀರಿ, ನೋಡೂಣು."

ಮನೆಗೆ ಹೇಳಿ ಕಳಿಸಿದೆ: ಅಧಿಕಾರಿ ಬಾಯಿಯವರು ಊಟಕ್ಕೆ ಬರುತ್ತಾರೆ, ಇಸ್ತ್ರಿಬಾರಿ ತಯಾರಿರಲಿ.

ಹೋಗಿ ನೋಡಿದರೆ ತಾಟು ಖಾಲಿ, ತೊಳೆದು ಬೋರಲು ಹಾಕಿದೆ. ಅಡಿಗೆಮನೆಗೆ ಓಡಿದೆ. "ಅತ್ತೀ, ಹಣ್ಣೆಲ್ಲಿ?"

"ತಯಾರ ಮಾಡು ಅಂತ ಹೇಳಿ ಕಳಿಸಿದೆಲ್ಲ? ಒಂದು ಬಾಯಾಗ ಹಾಕ್ಕೊಂಡು ನೋಡಿದೆ, ಬರೇ ಹುಳಿ. ಅಧಿಕಾರಿಗೆ ಹಂಗ ಕೊಡಾಕಾಗತೈತೇನ? ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಹಾಕಿ ಒಳಕಲ್ಲಾಗ ರುಬ್ಬೀನಿ. ಮಸ್ತ ಆಗೈತಿ."

ಹೊರಗೆ ಬಾಯಿಯವರು ಆಗಲೇ ಮಣೆಯ ಮೇಲೆ ಕೂತಿದ್ದರು. ಅತ್ತೆಯವರು ರೊಟ್ಟಿ, ಬೆಣ್ಣೆ, ಆ ಕೆಂಪು ಖಾರ ಬಡಿಸಿದರು. ಮೊದಲ ತುತ್ತಿಗೆ ಬಾಯಿಯವರ ಕಣ್ಣಲ್ಲಿ ನೀರು ಬಂತು. ನನ್ನ ಕತೆ ಮುಗಿಯಿತು ಎಂದುಕೊಂಡೆ. ಆದರೆ ಅವರು, "ಭಾಳ ಛಲೋ ಆಗೈತ್ರೀ, ಇನ್ನೊಂದಿಷ್ಟು ಖಾರ ಹಾಕ್ರಿ," ಎಂದು ಎರಡನೆಯ ರೊಟ್ಟಿ ಹಾಕಿಸಿಕೊಂಡರು. ಮೂರನೆಯದೂ ಆಯಿತು. ಬಟ್ಟಲು ಬರಿದಾಯಿತು.

ಕೈ ತೊಳೆದು, ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ಊಟ ಆತು. ಈಗ ತರ್ರಿ ಅಕ್ಕೋರ, ಎಲ್ಲಿ ನಿಮ್ಮ ಸ್ಟ್ರಾಬೆರಿ?"

ಅತ್ತೆಯವರು ಸೊಂಟದ ಮೇಲೆ ಕೈಯಿಟ್ಟು ಅವರನ್ನೇ ನೋಡುತ್ತ ನಿಂತುಬಿಟ್ಟರು.

"ಯವ್ವಾ ತಂಗೀ, ಬಟ್ಟಲ ಬಳದು ಬಳದು ತಿಂದಿ. ಇನ್ನ ನಿನ್ನ ಹೊಟ್ಟ್ಯಾಗಿಂದ ತಗದು ತೋರಸಲೇನು?"